ಲೈಲ್ ಬೊಗಳಿದರೆ ಕಯೋಟಿ ನಿಲ್ಲುತ್ತದೆ

ಲೈಲ್ ಬೊಗಳಿದರೆ ಕಯೋಟಿ ನಿಲ್ಲುತ್ತದೆ. ಸುಳ್ಳಲ್ಲ, ವಯೋಮಿಂಗ್‌ನ ನಮ್ಮ ಕುರಿಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಹಿಂದೆ ಕೂತು ಪೀಪಿಯಲ್ಲಿ ಸಾಯುವ ಮೊಲದ ಹಾಗೆ ಕಿರುಚುತ್ತೇನೆ. ನಮ್ಮ ಕುರಿ ಕದಿಯುವ, ತೋಳದ ತಮ್ಮನಂಥ ಹಸಿದ ಕಯೋಟಿ ಹಿಮದ ಮೇಲೆ ಓಡಿ ಬರುತ್ತದೆ. ನನ್ನ ಗಂಡ ಲೈಲ್ "ಬೌ!" ಎನ್ನುತ್ತಾನೆ. ಇದೇನಪ್ಪಾ ಎಂದು ಅದು ತಟ್ಟನೆ ನಿಂತಾಗ ಒಂದೇ ಗುಂಡು. ಓಡುತ್ತಿರುವ ಪ್ರಾಣಿಗೆ ಲೈಲ್ ಎಂದೂ ಗುಂಡು ಹೊಡೆದವನಲ್ಲ.

ಬಂದೂಕಿನ ಹೆಸರು ನೆಲ್. ನನಗಿಂತ ಮೊದಲೇ ಆ ಮನೆ ಸೇರಿದವಳು, ನನ್ನ ಸವತಿ. ನಲವತ್ತು ವರ್ಷ ಲೈಲ್‌ನ ಕೆನ್ನೆ ತಾಗಿ ತಾಗಿ ಅವಳ ಮರದ ಹಿಡಿ ಕಪ್ಪಗೆ ಮಿರುಗುತ್ತದೆ. ನನ್ನ ಕೆನ್ನೆಗೆ ಅಷ್ಟು ಭಾಗ್ಯವಿರಲಿಲ್ಲ ಬಿಡಿ!

ಈ ಚಳಿಗಾಲ ಒಂದು ಬೆಳಿಗ್ಗೆ ಲೈಲ್ ಬೇಲಿಯ ಗೂಟಕ್ಕೆ, "ಏನ್ ಗೇಲನ್, ಇಷ್ಟು ಬೇಗ ಎದ್ದಿದೀಯ?" ಎಂದ. ಗೇಲನ್ ನಮ್ಮ ಪಕ್ಕದ ಜಮೀನಿನವನು.

"ಕಣ್ಣು ತೋರಿಸ್ಕೊಂಡು ಬಾ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ವಲ್ಲೋ ಮುದುಕಾ!" ಎಂದೆ ನಾನು.

"ನನ್ ಕಣ್ಣು ಚೆನ್ನಾಗೇ ಇದೆ ಕಣೇ ವರ್ಲಾ. ಈ ವರ್ಷ ಮಂಜು ಜಾಸ್ತಿ."

ಆ ಮಾತನ್ನು ಅಲ್ಲಿಗೇ ಬಿಟ್ಟು ಕುರಿಗಳಿಗೆ ಮೇವು ಹಾಕಲು ಹೋದೆ. ನೆಲ್‌ಳನ್ನು ಕಿತ್ತುಕೊಂಡರೆ ಈ ಮನುಷ್ಯನಲ್ಲಿ ಉಳಿಯುವುದೇನು ಎಂಬ ಭಯ. ತಪ್ಪು ನನ್ನದೇ.

ಫೆಬ್ರವರಿಯಲ್ಲಿ, ಕುರಿಗಳು ಈಯುವ ಮೊದಲು, ಇಬ್ಬರೂ ಕಯೋಟಿ ಬೇಟೆಗೆ ಹೊರಟೆವು. ಬೆಳಗಿನ ಗಾಳಿಯಲ್ಲಿ ಹಿಮದ ಪುಡಿ ಮಿನುಗುತ್ತಿತ್ತು. ಗುಡ್ಡಗಳು ಬುಡವೇ ಇಲ್ಲದಂತೆ ಮಂಜಿನ ಮೇಲೆ ತೇಲುತ್ತಿದ್ದವು. ನಾನು ಎದ್ದಿದ್ದೇನೋ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ತಿಳಿಯಲಿಲ್ಲ. ಪೀಪಿ ಊದಿದೆ. ಆ ಬಿಳುಪಿನೊಳಗಿಂದ ಬೂದು ಬಣ್ಣದ್ದೊಂದು ಸದ್ದಿಲ್ಲದೆ ಓಡಿ ಬಂತು.

"ಬೌ!" ಎಂದ ಲೈಲ್.

ಅದು ನಿಲ್ಲಲಿಲ್ಲ. ಬಾಲ ಅಲ್ಲಾಡಿಸುತ್ತಾ ಇನ್ನೂ ಜೋರಾಗಿ ಬಂತು. ಆಗ ಅದರ ಕತ್ತಿನ ಕೆಂಪು ಪಟ್ಟಿ ಕಂಡಿತು. ಅಯ್ಯೋ ದೇವರೇ, ಗೇಲನ್‌ನ ಕುರಿನಾಯಿ ಮಿಟ್ಜಿ! ಕೂಗಲು ಹೋದರೆ ಬಾಯಲ್ಲಿದ್ದ ಪೀಪಿಯಿಂದ ಮೊಲದ ಕಿರುಚೇ ಹೊರಟಿತು. ಲೈಲ್‌ನ ಬೆರಳು ಟ್ರಿಗರ್ ಮೇಲಿತ್ತು. "ಬೌ! ಬೌ!" ಎಂದ, ಅದು ನಿಲ್ಲಲೆಂದು ಕಾದ. ಮಿಟ್ಜಿ ತಾನೂ ಬೊಗಳಿ, ಹಾರಿ ಬಂದು ಆತನ ಮುಖ ನೆಕ್ಕಿತು.

"ವರ್ಲಾ," ಎಂದ ಮೆಲ್ಲಗೆ, "ಇದ್ಯಾರು?"

"ಮಿಟ್ಜಿ ಕಣೋ."

ಲೈಲ್ ನಾಯಿಯ ಕುತ್ತಿಗೆ ತಬ್ಬಿ ಬಹಳ ಹೊತ್ತು ಕೂತ. ಆಮೇಲೆ ನೆಲ್‌ಳ ಗುಂಡು ತೆಗೆದು, ಅವಳನ್ನು ನನ್ನ ಕೈಗಿಟ್ಟ. ನನಗೆ ಅಳು ಬಂತು. ಇಪ್ಪತ್ತು ವರ್ಷ ಅವಳನ್ನು ಹೊಲಕ್ಕೆಸೆಯಬೇಕೆಂದಿದ್ದವಳು ನಾನೇ.

ಮರುವಾರ ಅದೇ ಗುಡ್ಡ. ಈಗ ಪೀಪಿ ಆತನದು, ಸವತಿ ನನ್ನ ಹೆಗಲಲ್ಲಿ. ಮಂಜಿನಿಂದ ಒಂದು ಬಂತು. ನಾನು ಮೊಣಕೈಯಿಂದ ತಿವಿದೆ. "ಬೌ!" ಎಂದ ಲೈಲ್. ನಿಂತಿತು.

"ಯಾರು ಅಂತ ಸರಿಯಾಗಿ ನೋಡು, ಆಮೇಲ್ ಹೊಡಿ."

ನೋಡಿದೆ. ಕಯೋಟಿಯೇ. ಹೊಡೆದೆ.

"ಬಿತ್ತಾ?"

"ಬಿತ್ತು."

"ಹೆಂಗಿತ್ತು? ಬಂದಿದ್ದು, ನಿಂತಿದ್ದು, ಎಲ್ಲಾ ಹೇಳು."

ಕಿವಿಯ ತುದಿಯ ಕೆಂಪು, ಮೀಸೆಯ ಮೇಲಿನ ಹಿಮ, ನಿಂತಾಗ ಎತ್ತಿದ ಒಂದು ಕಾಲು, ಒಂದೂ ಬಿಡದೆ ಹೇಳಿದೆ. ಲೈಲ್ ಕಣ್ಣು ಮುಚ್ಚಿ ಕೇಳುತ್ತಾ ನೆಲ್‌ಳ ಹಿಡಿಗೆ ಕೆನ್ನೆ ಒರಗಿಸಿದ. ಅಲ್ಲಿ ಆಗಲೇ ನನ್ನ ಕೆನ್ನೆಯಿತ್ತು.