ಹುಣಸೆಕೊರಡಿನ ಜಾಗ ಬಿಡದ ಚೆಲುವಮ್ಮ

ನನ್ನ ಹೆಂಡತಿ ಚೆಲುವಮ್ಮ ಗೋಪಿನಾಥಂನ ಡ್ಯಾಮಿನ ನೀರಿನಲ್ಲಿ ಬುಟ್ಟಿಯಂಥ ದುಂಡನೆಯ ತೆಪ್ಪ ಬಿಟ್ಟು ಮೀನು ಹಿಡಿಯುತ್ತಾಳೆ. ವಯಸ್ಸು ಐವತ್ತು ದಾಟಿದೆ. ನಾನು ನಿಂಗಯ್ಯ, ಹುಟ್ಟಿದ್ದು ಕೊಳ್ಳೇಗಾಲದ ಪಕ್ಕದ ಮುಳ್ಳೂರಿನ ಬೇಸಾಯದ ಮನೆಯಲ್ಲಿ, ಮನೆಅಳಿಯನಾಗಿ ಈ ಕಾಡಂಚಿಗೆ ಬಂದವನು. ನನಗೆ ಈಜು ಬರುವುದಿಲ್ಲ, ತೆಪ್ಪ ಹತ್ತಿದರೆ ತಲೆ ಸುತ್ತುತ್ತದೆ, ಸಿಟ್ಟು ಮಾತ್ರ ಬೇಗ ಬರುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ, ಮುಂದೆ ನಾನು ಯಾರನ್ನಾದರೂ ಬೈದರೆ ನೀವು ಬೇಜಾರು ಮಾಡಿಕೊಳ್ಳುವುದಿಲ್ಲ.

ಚೆಲುವಮ್ಮನಿಗೆ ಆ ಕಸುಬು ಬಂದಿದ್ದು ಅವಳಪ್ಪನಿಂದ. ಗಂಡುಮಕ್ಕಳಿಲ್ಲದ ಮನುಷ್ಯ, ಮಗಳ ಕೈಗೇ ಹುಟ್ಟು ಕೊಟ್ಟ. ನಮ್ಮ ನೀರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಅವಳದು ಹುಣಸೆಕೊರಡು. ಡ್ಯಾಮು ಕಟ್ಟುವ ಮೊದಲು ಅಲ್ಲಿ ಹುಣಸೆಮರ ಇತ್ತಂತೆ, ಈಗ ಅದರ ತಲೆ ಮಾತ್ರ ನೀರಿನ ಮೇಲೆ ಕಾಣುತ್ತದೆ. ಜಿಲೇಬಿ ಮೀನು ಬಂದು ಸೇರುವುದು ಅದರ ಬುಡಕ್ಕೇ. ಆ ಜಾಗದ ಮೇಲೆ ಎಲ್ಲರಿಗೂ ಕಣ್ಣು.

ಜಾಗಕ್ಕೊಂದು ಕಟ್ಟಳೆ ಇದೆ. ಮಳೆ ನಿಂತು ನೀರು ತುಂಬಿದ ಮೇಲೆ ಒಂದು ಸೋಮವಾರ ಬೆಳಗ್ಗೆ ಮಾದಪ್ಪನಿಗೆ ಕೈಮುಗಿದು, ಪ್ರತಿಯೊಬ್ಬರೂ ಒಬ್ಬರೇ ತೆಪ್ಪ ನಡೆಸಿಕೊಂಡು ತಮ್ಮ ಜಾಗಕ್ಕೆ ಹೋಗಿ, ತಮ್ಮ ಗುರುತಿನ ಬುರುಡೆ ಕಟ್ಟಿ ಬರಬೇಕು. ಹಿಂದೆ ಅದು ಸೋರೆಬುರುಡೆ, ಈಗ ಪ್ಲಾಸ್ಟಿಕ್ ಕ್ಯಾನು, ಒಬ್ಬೊಬ್ಬರದು ಒಂದೊಂದು ಬಣ್ಣ. ಕಟ್ಟಿ ಬಂದರೆ ವರ್ಷಪೂರ್ತಿ ಆ ಜಾಗ ಅವರದು. ಬರಲಾಗದಿದ್ದರೆ ಬೇರೆಯವರಿಗೆ ಹೋಯಿತು. ನನ್ನ ಮಾವನಿಗೆ ರಟ್ಟೆ ಸೋತ ವರ್ಷ ಚೆಲುವಮ್ಮ ಹೋಗಿ ಕಟ್ಟಿ ಬಂದಳು, ಜಾಗ ಉಳಿಯಿತು. ಆದರೆ ಆ ಮನುಷ್ಯ ಮತ್ತೆ ನೀರಿಗೆ ಇಳಿಯಲಿಲ್ಲ. ಸಾಯುವ ತನಕ ದಡದ ಬಂಡೆಯ ಮೇಲೆ ಕೂತು, ಹೋಗುವವರಿಗೆಲ್ಲ ಹಾಗೆ ಹುಟ್ಟು ಹಾಕು, ಹೀಗೆ ಬಲೆ ಬಿಡು ಎಂದು ಕೂಗುತ್ತಿದ್ದ. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಚೆಲುವಮ್ಮ ಮೀನಿನ ಬುಟ್ಟಿ ಹೊತ್ತು ಬಂಡೆ ಹತ್ತುವಾಗ ಜಾರಿ ಬಿದ್ದಳು. ಬಲಭುಜ ಮುರಿಯಿತು. ಕೊಳ್ಳೇಗಾಲದ ಡಾಕ್ಟರು ಕಟ್ಟು ಹಾಕಿ, ಬಿಚ್ಚಿ, ಎಲ್ಲ ಮಾಡಿದ ಮೇಲೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದರು. ಹಿಡಿತ ಇದೆ, ಎಳೆತ ಇಲ್ಲ. ಎಡಗೈ ಒಂದರಲ್ಲೇ ಹುಟ್ಟು ಹಾಕಿದರೆ ತೆಪ್ಪ ಸ್ವಲ್ಪ ದೂರ ಹೋಗುತ್ತದೆ, ಆದರೆ ಗಾಳಿ ಬಂದರೆ ಕೈಗೆ ಸಿಗುವುದಿಲ್ಲ.

ಅವಳು ಕಟ್ಟು ಬಿಚ್ಚಿಸಿಕೊಂಡು ಬಂದ ವಾರದಲ್ಲೇ ಚಿಕ್ಕಮಾದಪ್ಪ ನಮ್ಮ ಜಗಲಿಯ ಮೇಲೆ ಕೂತಿದ್ದ. ಇವನು ಅವಳ ದೊಡ್ಡಪ್ಪನ ಮಗ, ಮೀನುಗಾರರ ಸಂಘಕ್ಕೆ ಹಿರಿಯ. ಮಗ ಪರಮೇಶನಿಗೆ ಒಳ್ಳೆ ಜಾಗ ಬೇಕೆಂದು ಅವನ ಮನಸ್ಸಿನಲ್ಲಿ ಎಷ್ಟೋ ವರ್ಷದಿಂದ ಇತ್ತು. ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಮಾತು ತೆಗೆದ.

"ಚೆಲ್ವಿ, ತೋಳು ಓದ್ಮೇಲೆ ಜಾಗ ಇಟ್ಕಂಡು ಏನ್ ಮಾಡೀಯೆ? ಪರಮೇಶನ್ಗೆ ಬುಟ್ಬುಡು. ನೀನು ದಡದಲ್ಲಿ ನೆಮ್ಮದಿಯಾಗಿ ಕೂತ್ಕೊ, ಸಾರಿಗೆ ಮೀನು ನಾವೇ ಕಳಿಸ್ತೀವಿ."

"ನಮ್ಮಪ್ಪ ದಡದ ಮ್ಯಾಲೆ ಕೂತು ಸತ್ತ ಕಣಣ್ಣ," ಎಂದಳು ಅವಳು. "ನಾನು ಕೂರಾಕಿಲ್ಲ."

ನಾನು ಅವನ ಕೈಯಿಂದ ಲೋಟ ಕಿತ್ತುಕೊಂಡೆ. ಮನೆಗೆ ಬಂದವರಿಗೆ ಹಾಗೆ ಮಾಡಬಾರದು, ಗೊತ್ತು. ಅವತ್ತು ಮಾಡಿದೆ.

ಹಾಗೆಂದು ಜಂಬ ಕೊಚ್ಚಿಕೊಂಡರೆ ತೆಪ್ಪ ನಡೆಯುತ್ತದೆಯೇ? ಡೀಸೆಲ್ ಇಂಜಿನ್ ಹಾಕಲು ಸಂಘ ಬಿಡುವುದಿಲ್ಲ, ಸದ್ದಿಗೆ ಮೀನು ಓಡುತ್ತದೆ. ಆಗ ನೆನಪಾದವನು ನನ್ನ ಅಕ್ಕನ ಮಗ ಮಾದೇಶ. ಕೊಳ್ಳೇಗಾಲದಲ್ಲಿ ಬ್ಯಾಟರಿ ಆಟೋ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೊರದೇಶದಲ್ಲಿ ಕಯಾಕ್ ಎಂಬ ಉದ್ದನೆಯ ಸಣ್ಣ ದೋಣಿಯಲ್ಲಿ ಕೂತು ಮೀನು ಹಿಡಿಯುವವರು ಅದಕ್ಕೊಂದು ಬ್ಯಾಟರಿ ಮೋಟರ್ ಸಿಕ್ಕಿಸಿಕೊಳ್ಳುತ್ತಾರಂತೆ. ಟ್ರೋಲಿಂಗ್ ಮೋಟರ್ ಎಂದು ಅದರ ಹೆಸರು. ಸದ್ದಿಲ್ಲ, ಹೊಗೆಯಿಲ್ಲ. ಒಂದು ಕಂಬಿ, ಅದರ ತುದಿಯಲ್ಲಿ ನೀರಿನೊಳಗೆ ತಿರುಗುವ ಫ್ಯಾನು, ಮೇಲೆ ಹಿಡಿದು ತಿರುಗಿಸಲು ಒಂದು ಹಿಡಿ. ಮಾದೇಶ ಫೋನಿನಲ್ಲಿ ವಿಡಿಯೋ ತೋರಿಸಿದ. ಅದರಲ್ಲಿದ್ದವನು ಕಾಲು ಚಾಚಿಕೊಂಡು ಹಾಯಾಗಿ ಹೋಗುತ್ತಿದ್ದ. ಚೆಲುವಮ್ಮ ಮತ್ತೆ ಮತ್ತೆ ಹಾಕಿಸಿ ನೋಡಿದಳು.

ಅದು ಬಂದಿತು. ಗೋಣಿಚೀಲದಲ್ಲಿ ಸುತ್ತಿಕೊಂಡು ಮಾದೇಶ ಹನೂರು, ಮಾದಪ್ಪನ ಬೆಟ್ಟ, ಪಾಲಾರ್ ಎಲ್ಲ ದಾಟಿ ಬಸ್ಸಿನಲ್ಲಿ ತಂದ. ಬೋರ್‌ವೆಲ್ ಸಾಮಾನೇ ಎಂದು ದಾರಿಯುದ್ದಕ್ಕೂ ಕಂಡಕ್ಟರ್ ಕೇಳುತ್ತಿದ್ದನಂತೆ. ವಿಡಿಯೋದಲ್ಲಿದ್ದ ಹಾಗೆಯೇ ಮೋಟರನ್ನು ಹಿಂದೆ ಬಿಗಿದೆವು, ಕಾಲ ಬಳಿ ಬ್ಯಾಟರಿ ಇಟ್ಟೆವು. ಚೆಲುವಮ್ಮ ಕೂತಳು, ಹಿಡಿ ತಿರುಗಿಸಿದಳು.

ತೆಪ್ಪ ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು.

ನಿಲ್ಲಿಸಿ ಮತ್ತೆ ತಿರುಗಿಸಿದಳು, ಈ ಸಲ ಇನ್ನೊಂದು ಕಡೆಗೆ ಗಿರಗಿರ ಸುತ್ತಿತು. ದಡದಲ್ಲಿ ಅರ್ಧ ಊರು ಸೇರಿತ್ತು. ಚಿಕ್ಕಮಾದಪ್ಪನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಂಗಯ್ಯನಿಗೆ ತೆಪ್ಪದಲ್ಲಿ ತಲೆ ಸುತ್ತುತ್ತದೆ, ನಿಂಗಯ್ಯನ ಹೆಂಡತಿಗೆ ತೆಪ್ಪವೇ ಸುತ್ತುತ್ತದೆ ಎಂದು ಯಾವನೋ ಅಂದ. ನಾನು ಕಲ್ಲು ಎತ್ತಿಕೊಂಡೆ. ಮಾದೇಶ ಕೈ ಹಿಡಿದ. ಚಿಕ್ಕಮಾದಪ್ಪ ನಗಲಿಲ್ಲ, ಅವನು ನಕ್ಕಿದ್ದರೇ ಚೆನ್ನಾಗಿತ್ತು. ಕನಿಕರದ ಮುಖ ಮಾಡಿಕೊಂಡು ಹತ್ತಿರ ಬಂದ.

"ನಾಳೆ ಇದು ನೆಟ್ಟಗೆ ಓಡ್ತದೆ ಅಂತ್ಲೇ ಇಟ್ಕೊ. ಬಲೆ ಎಳಿಯೋರು ಯಾರವ್ವ? ಮೋಟ್ರು ಎಳ್ದದಾ?"

ಅವಳು ತೆಪ್ಪವನ್ನು ದಡಕ್ಕೆ ಕಟ್ಟಿದಳು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ನಾನು ಮುದ್ದೆ ಮಾಡಲು ಹೋಗಿ ಗಂಟು ಕಟ್ಟಿಸಿದೆ. ಮೂವರೂ ಅದನ್ನೇ ತಿಂದೆವು.

ಊಟದ ಮಧ್ಯದಲ್ಲಿ ಅವಳು ಕೈ ನಿಲ್ಲಿಸಿದಳು. ನನ್ನನ್ನು ಕೇಳಿದಳು, ನೀನು ತೆಪ್ಪದಲ್ಲಿ ಕೂತಾಗ ನಿನಗೆ ಕಾಣುವುದು ನನ್ನ ಮುಖವೋ ಬೆನ್ನೋ ಎಂದು. ಬೆನ್ನು ಎಂದೆ. ಮದುವೆಯಾದಾಗಿನಿಂದ ಹೆದರಿ ನಡುಗುತ್ತ ನೋಡಿದ ಬೆನ್ನು ಅದು, ಮರೆಯುತ್ತೇನೆಯೇ? ಅವಳು ಯಾವಾಗಲೂ ಮುಂದೆ ಕೂತು, ಹುಟ್ಟನ್ನು ಮುಂದಕ್ಕೆ ಹಾಕಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ತೆಪ್ಪ ನಡೆಸುವವರು ಯಾರೂ ಹಿಂದೆ ಕೂತು ತಳ್ಳುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ಮಾಡಿದವಳು, ವಿಡಿಯೋ ನೋಡಿ ಮರೆತುಬಿಟ್ಟಿದ್ದಳು.

"ಎಮ್ಮೆ ಕರ್ಕಂಡು ಓಗ್ಬೇಕಾದ್ರೆ ಬಾಲ ಇಡ್ದು ತಳ್ತಾರೇನ್ಲಾ ಮಾದೇಶ?" ಎಂದಳು. "ಅಗ್ಗ ಇಡ್ದು ಮುಂದೆ ಓಯ್ತಾರೆ. ಕಿತ್ತು ಮುಂದುಕ್ಕೆ ಕಟ್ಲಾ ಅದ."

ಮಾದೇಶ ತಲೆ ಚಚ್ಚಿಕೊಂಡು ನಕ್ಕ. ಮಾರನೆಯ ದಿನ ಮೋಟರನ್ನು ಮುಂದೆ, ಅವಳ ಎರಡು ಮಂಡಿಯ ನಡುವೆ ಬರುವಂತೆ ಬಿಗಿದ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ. ಹಿಂದಿನ ಅಂಚಿಗೆ ಒಂದು ಹಳೆಯ ಹಲಗೆಯನ್ನು ನೀರಿಗೆ ಇಳಿಬಿಟ್ಟು ಕಟ್ಟಿದ, ತೆಪ್ಪದ ಬೆನ್ನು ಅಲ್ಲಾಡದಿರಲೆಂದು. ಆ ಹಲಗೆ ಕೊಟ್ಟವನು ನಾನು, ಅದನ್ನೂ ಬರೆದುಕೊಳ್ಳಿ. ಊರಿನವರು ಹೊಲಕ್ಕೆ ಹೋದ ಹೊತ್ತು ನೋಡಿ ನೀರಿಗೆ ಬಿಟ್ಟೆವು. ಮೊದಲು ಸ್ವಲ್ಪ ಓಲಾಡಿತು, ಆಮೇಲೆ ಹೇಳಿದ ಮಾತು ಕೇಳಿತು. ಅವಳು ಬಲಗೈಯನ್ನು ಹಿಡಿಯ ಮೇಲೆ ಸುಮ್ಮನೆ ಇಟ್ಟಿದ್ದಳು, ಎಳೆತ ಬೇಕಿಲ್ಲವಲ್ಲ. ಎಡಗೈ ಖಾಲಿ ಇತ್ತು. ಆ ಖಾಲಿ ಕೈಯನ್ನು ಮೇಲೆತ್ತಿ ನನ್ನ ಕಡೆ ಬೀಸಿದಳು. ನನ್ನ ಕಣ್ಣು ತುಂಬಿ ಬಂತು.

ಕ್ಯಾನು ಕಟ್ಟುವ ಸೋಮವಾರ ಬಂತು. ಮಾದಪ್ಪನ ಹೆಸರು ಹೇಳಿ ಕಾಯಿ ಒಡೆದಾಯಿತು. ಚಿಕ್ಕಮಾದಪ್ಪ ಮೋಟರನ್ನು ನೋಡಿ, ಹುಟ್ಟು ಹಾಕದೆ ಜಾಗ ಹಿಡಿಯುವುದು ನಮ್ಮಲ್ಲಿ ಇಲ್ಲ ಎಂದ. ನಾನು ಬಾಯಿಗೆ ಬಂದಿದ್ದೆಲ್ಲ ಅಂದೆ. ನಿನ್ನ ಫೈಬರ್ ತೆಪ್ಪ ನಿಮ್ಮಪ್ಪ ಹೆಣೆದದ್ದಾ, ನಿನ್ನ ನೈಲಾನ್ ಬಲೆ ನಿಮ್ಮವ್ವ ನೂತದ್ದಾ ಎಂದೆ. ಗಲಾಟೆ ಏರಿತು. ಅಷ್ಟರಲ್ಲಿ ಚೆಲುವಮ್ಮ ಯಾರನ್ನೂ ಕೇಳದೆ ತನ್ನ ಹಳದಿ ಕ್ಯಾನು ಕಂಕುಳಲ್ಲಿ ಇಟ್ಟುಕೊಂಡು ತೆಪ್ಪಕ್ಕೆ ಹತ್ತಿದಳು. ಸದ್ದೇ ಇಲ್ಲದ ಮೋಟರ್ ಅಲ್ಲವೇ, ನಾವು ಜಗಳ ನಿಲ್ಲಿಸಿ ನೋಡುವಾಗ ಅವಳು ಅರ್ಧ ದಾರಿ ಹೋಗಿದ್ದಳು.

ಕೊರಡಿನ ಹತ್ತಿರ ತೆಪ್ಪ ನಿಂತಿತು. ಕ್ಯಾನು ಕಟ್ಟಿ ಹೊರಡಲು ಎಷ್ಟು ಹೊತ್ತು ಬೇಕು? ಅವಳು ಹೊರಡಲಿಲ್ಲ. ಉಳಿದವರೆಲ್ಲ ಹೋಗಿ ತಮ್ಮ ತಮ್ಮ ಕ್ಯಾನು ಕಟ್ಟಿ ಬಂದರು, ಅವಳು ಅಲ್ಲೇ ಇದ್ದಾಳೆ. ಬಗ್ಗುತ್ತಾಳೆ, ಏಳುತ್ತಾಳೆ, ಮತ್ತೆ ಬಗ್ಗುತ್ತಾಳೆ. ಗಾಳಿಯೂ ಎದ್ದಿತು. ಬ್ಯಾಟರಿ ಸತ್ತಿರಬೇಕು ಎಂದು ಯಾರೋ ಅಂದರು. ಮಾದೇಶನ ಮುಖ ಬೆಳ್ಳಗಾಯಿತು. ಪರಮೇಶ ಮಾತ್ರ ಯಾಕೋ ನೀರಿನ ಕಡೆ ನೋಡದೆ ನೆಲ ಕೆರೆಯುತ್ತಿದ್ದ. ನಾನು ಅವಳ ಹೆಸರು ಕೂಗುತ್ತ ಮುಂದೆ ಮುಂದೆ ಹೋದೆ. ಮಾದೇಶ ಅಂಗಿ ಹಿಡಿದು ಎಳೆದಾಗಲೇ ಗೊತ್ತಾಗಿದ್ದು, ಈಜು ಬಾರದ ನಾನು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದೆ.

ಕೊನೆಗೆ ತೆಪ್ಪ ಈ ಕಡೆ ತಿರುಗಿತು. ನೇರವಾಗಿ, ನಿಧಾನವಾಗಿ ಬಂತು. ಹಿಂದೆ ಕೊರಡಿನ ಮೇಲೆ ಅವಳ ಹಳದಿ ಕ್ಯಾನು ಬಿಸಿಲಿಗೆ ಹೊಳೆಯುತ್ತಿತ್ತು. ತೆಪ್ಪದೊಳಗೆ ಅವಳ ಕಾಲ ಬಳಿ ಒಂದು ರಾಶಿ ಒದ್ದೆ ಬಲೆ, ಅದರಲ್ಲಿ ಜಿಲೇಬಿ ಮೀನು ಇನ್ನೂ ಒದ್ದಾಡುತ್ತಿದ್ದವು. ಬಲೆಯ ತುದಿಗೆ ನೀಲಿ ಕ್ಯಾನು. ನೀಲಿ ಯಾರದೆಂದು ಊರಿಗೆಲ್ಲ ಗೊತ್ತು. ಇವಳು ಹೇಗೂ ಬರುವುದಿಲ್ಲ ಎಂದುಕೊಂಡು ಹಿಂದಿನ ಸಂಜೆಯೇ ಪರಮೇಶ ಹೋಗಿ ಹುಣಸೆಕೊರಡಿಗೆ ಬಲೆ ಕಟ್ಟಿ ಬಂದಿದ್ದ.

ಅವಳು ಅದನ್ನು ಕೊಯ್ದು ಬಿಸಾಡಬಹುದಿತ್ತು. ನಾನಾಗಿದ್ದರೆ ಕೊಯ್ಯುತ್ತಿದ್ದೆ. ಅವಳು ಬಲಗೈಯಿಂದ ಮೋಟರನ್ನು ಮೆಲ್ಲಗೆ ನಡೆಸುತ್ತ, ಎಡಗೈಯಿಂದ ಮೊಳ ಮೊಳವಾಗಿ ಎಳೆದು, ಎಳೆದಷ್ಟನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ಬಲೆಯನ್ನು ಪೂರ್ತಿ ಮೇಲೆತ್ತಿದ್ದಳು. ಒಂದು ಕಣ್ಣೂ ಹರಿದಿರಲಿಲ್ಲ.

ದಡಕ್ಕೆ ಬಂದು ಎಡಗೈಯಿಂದಲೇ ಬಲೆಯನ್ನು ಎಳೆದು ತಂದು, ಮೀನಿನ ಸಮೇತ ಚಿಕ್ಕಮಾದಪ್ಪನ ಕಾಲ ಮುಂದೆ ಹಾಕಿದಳು.

"ತಕ್ಕಳಣ್ಣ, ನಿಮ್ ಬಲೆ. ನನ್ ಜಾಗದಲ್ಲಿ ಸಿಕ್ತು. ಯಾರು ಎಳೀತಾರೆ ಅಂದ್ರಲ್ಲ, ನಾನೇ ಎಳ್ದೆ."

ಚಿಕ್ಕಮಾದಪ್ಪ ಬಲೆ ನೋಡಿದ, ಮಗನನ್ನು ನೋಡಿದ. ತಾನೇ ಬಗ್ಗಿ ಬಲೆ ಬಾಚಿಕೊಂಡ. ಆಗ ನಾನು ಒಬ್ಬರನ್ನೂ ಬೈಯಲಿಲ್ಲ, ಇದನ್ನು ಊರಿನವರು ಈಗಲೂ ಆಡಿಕೊಳ್ಳುತ್ತಾರೆ. ಅವರ ಮೀನು ಒಂದನ್ನೂ ಅವಳು ಮುಟ್ಟಲಿಲ್ಲ. ಸೆರಗು ಹಿಂಡಿಕೊಂಡು ನನ್ನ ಕಡೆ ತಿರುಗಿ, ನೀರಿನಲ್ಲಿ ಏನು ನಿಂತಿದ್ದೀಯ, ಬ್ಯಾಟರಿ ಹೊತ್ತುಕೊಂಡು ಮನೆಗೆ ನಡಿ, ಕರೆಂಟು ಹೋಗುವ ಮೊದಲು ಚಾರ್ಜಿಗೆ ಹಾಕಬೇಕು, ಸಂಜೆ ಬಲೆ ಬಿಡುವುದಿದೆ ಎಂದಳು.

ಹೊತ್ತುಕೊಂಡು ಹೋದೆ. ಆ ಬ್ಯಾಟರಿ ಕಲ್ಲಿನಷ್ಟು ಭಾರ. ದಾರಿಯಲ್ಲಿ ಚೆಲುವಮ್ಮನ ಅಪ್ಪ ಕೂರುತ್ತಿದ್ದ ಬಂಡೆ ಸಿಗುತ್ತದೆ. ಸ್ವಲ್ಪ ಇಳಿಸಿ ಕೂರೋಣ ಮಾವ ಎಂದು ಮಾದೇಶ ಅಂದ. ಬೇಡ ಎಂದೆ, ಅದರ ಮೇಲೆ ನಮ್ಮ ಮನೆಯವರು ಯಾರೂ ಕೂರುವುದಿಲ್ಲ.