ದೋಣಿ ಕಟ್ಟುವ ಕಂಬ

ಹೊನ್ನಾಳಿಯಲ್ಲಿ ಹೊಳೆಯ ಮಟ್ಟ ನೋಡುತ್ತಿದ್ದವರೊಬ್ಬರು ಮಳೆಗಾಲದಲ್ಲಿ ನಮ್ಮ ಅಂಗಡಿಯ ಫೋನಿನಿಂದಲೇ ಕೆಳಗಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದರು. ರಿಸೀವರನ್ನು ಟವೆಲ್ಲಿನಿಂದ ಒರೆಸಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡೇ ಮಾತಾಡುವರು. "ಕೇಳೋರಿಗೆ ಕಾಣಂಗೆ ಹೇಳ್ಬೇಕ್ರೀ" ಎನ್ನುವುದು ಅವರ ಯಾವತ್ತಿನ ಮಾತು.

ನೀರಿನ ಮಟ್ಟ ಅಳೆಯಲು ಹೊಳೆಯಲ್ಲಿದ್ದ ಅಡಿ ಲೆಕ್ಕದ ಪಟ್ಟಿ ತೆಗೆದು ಮೀಟರಿನ ಪಟ್ಟಿ ನೆಟ್ಟ ವರ್ಷವೇ ಹೊಳೆ ಉಕ್ಕಿತು. ಇವರು ಮೀಟರಿನ ಅಂಕಿಯನ್ನಷ್ಟೇ ಹೇಳಿದರೆ, ಆ ಕಡೆ ಕೆಳಗಿನ ಹಳ್ಳಿಯ ಪೋಸ್ಟ್ ಮಾಸ್ತರು ನಕ್ಕರು. "ಅಷ್ಟೇನಾ? ಹಂಗಾದ್ರೆ ಉಂಡು ಮಲ್ಕಂತೀನಿ ಬಿಡ್ರಿ." ಅವರದಿನ್ನೂ ಅಡಿಯ ಲೆಕ್ಕ, ಅಡಿಯಲ್ಲಿ ಅದು ಬೇಸಿಗೆಯ ನೀರು.

ಇವರು ರಿಸೀವರನ್ನು ಬಾಯಿಗೆ ಒತ್ತಿ ಹಿಡಿದರು. "ಅಂಕಿ ಬಿಡ್ರಿ ಮಾಸ್ತರ್ರೇ. ನಿಮ್ಮೂರಾಗೆ ದೋಣಿ ಕಟ್ಟೋ ಕಂಬ ಸಂಜೀಗೆ ಮುಳುಗ್ತೈತೆ. ದಂಡೆ ಮೇಲಿನ ಜನಾನ ಎಬ್ಬಿಸ್ರಿ."

ಸಂಜೆ ಮಾಸ್ತರೇ ಫೋನ್ ಮಾಡಿದರು. "ಕಂಬ ಮುಳುಗೈತ್ರೀ. ಜನ, ದನ ಎಲ್ಲಾ ದಿಬ್ಬ ಹತ್ತಿಸೀವಿ."

ಇವರು ರಿಸೀವರ್ ಇಟ್ಟು ಬೆಂಚಿನ ಮೇಲೆ ಕುಳಿತರು. ಬೆರಳು ಮಾತ್ರ ಇನ್ನೂ ಕಿವಿಯಲ್ಲೇ ಇತ್ತು.