ನಾನು ಕೊಟ್ಟ ಏಂಜೆಲ್ ಮೀನು

ಮೊನ್ನೆ ಬೆಳ್ತಂಗಡಿಯ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಿದ್ದೆ. ಅಲ್ಲಿನ ನರ್ಸ್ ಮೀನಿನ ಟ್ಯಾಂಕಿನ ಫಿಲ್ಟರ್ ಸ್ಪಂಜನ್ನು ಬಕೆಟಿನಲ್ಲಿ ಹಿಂಡಿದಳು. ಪಾಚಿ, ಹಳೆಯ ನೀರು ಬೆರೆತ ಆ ವಾಸನೆ ಬಂದದ್ದೇ ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್ ನೆನಪಾದರು...

ಜೈನರು, ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ, ಕುರ್ಚಿ ಎಳೆದುಕೊಂಡು ತಮ್ಮ ಮೀನಿನ ಟ್ಯಾಂಕಿನ ಎದುರು ಕೂರುತ್ತಿದ್ದರು. ಅದರಲ್ಲಿ ನೀಲಿ, ಕೆಂಪು ಗೆರೆಯ ಪುಟಾಣಿ ನಿಯಾನ್ ಟೆಟ್ರಾಗಳಿದ್ದವು. ಅವರ ಹುಟ್ಟುಹಬ್ಬಕ್ಕೆ ನಾನೊಂದು ಏಂಜೆಲ್ ಮೀನಿನ ಮರಿ ತಂದುಕೊಟ್ಟೆ. ಟೀಚರಿಗೆ ಖುಷಿಯೋ ಖುಷಿ.

ಏಂಜೆಲ್ ಬೆಳೆಯಿತು. ಟೆಟ್ರಾಗಳು ಕಡಿಮೆಯಾಗತೊಡಗಿದವು, ಒಂದೂ ಸತ್ತು ತೇಲಿರಲಿಲ್ಲ. ಒಂದು ಬೆಳಿಗ್ಗೆ ಏಂಜೆಲಿನ ಬಾಯಿಯಿಂದ ಕೆಂಪು ಬಾಲವೊಂದು ಹೊರಗೆ ಕಾಣುತ್ತಿದ್ದುದನ್ನು ಇಬ್ಬರೂ ನೋಡಿದೆವು.

"ಅದಕ್ಕೆಂತ ಗೊತ್ತುಂಟು? ಬಾಯಿಗೆ ಹಿಡಿಯುವಷ್ಟನ್ನು ತಿಂತದೆ. ಒಟ್ಟಿಗೆ ಬಿಟ್ಟದ್ದು ನಾನಲ್ವಾ?" ಎಂದರು ಟೀಚರ್.

ಆ ದಿನ ಅವರು ಉಪವಾಸ ಮಾಡಿದರು. ನಾನು ಊಟಕ್ಕೆ ಕೂತವಳು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದೆ.

ಏಂಜೆಲಿಗೆ ಬೇರೆ ಟ್ಯಾಂಕ್ ಬಂತು; ಉಳಿದ ಟೆಟ್ರಾಗಳು ಹಳೆಯದರಲ್ಲೇ ಇದ್ದವು. ಒಂಟಿಯಾದ ಮೀನು ಮೂಲೆ ಬಿಟ್ಟು ಕದಲದಾದಾಗ, "ಇದಕ್ಕೆ ಸರಿಯಾದ ಜೊತೆ ಹುಡುಕುವ" ಎಂದು ನನ್ನನ್ನೂ ಕರೆದುಕೊಂಡು ಮೆಲ್ಕಾರಿನ ಅಕ್ವೇರಿಯಂ ಅಂಗಡಿಗೆ ಹೊರಟರು. ಅಂಗಡಿಯವನು ಪಟ್ಟೆಪಟ್ಟೆಯ ಟೈಗರ್ ಬಾರ್ಬ್‌ಗಳನ್ನು ತೋರಿಸಿದ. ಟೀಚರ್ ಅವುಗಳ ಎದುರು ಅರ್ಧ ಗಂಟೆ ನಿಂತರು.

"ಇವು ಒಂದರ ಬಾಲ ಇನ್ನೊಂದು ಕಚ್ತವೆ ಮಾರಾಯ್ರೆ. ಏಂಜೆಲಿನ ಉದ್ದ ರೆಕ್ಕೆಯನ್ನು ಬಿಡ್ತವಾ?"

ಕೊನೆಗೆ ತಳದ ಮರಳು ಕೆದಕುತ್ತಾ ತಿರುಗುವ, ಗುಂಡು ಮೈಯ ಆರು ಕೋರಿಡೋರಾಸ್ ಮೀನುಗಳನ್ನು ಆರಿಸಿದರು. ಏಂಜೆಲಿನ ಬಾಯಿಗೆ ಅವು ಹಿಡಿಯುತ್ತಿರಲಿಲ್ಲ. ಆಮೇಲೆ ವಾರಗಟ್ಟಲೆ ಕಾದು ನೋಡಿದೆವು. ಏನೂ ಆಗಲಿಲ್ಲ. ಟೀಚರಿಗೆ ಅದೇ ದೊಡ್ಡ ಸುದ್ದಿ. "ಇವತ್ತೂ ಎಲ್ಲರೂ ಇದ್ದಾರೆ!" ಎಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೂಗಿ ಹೇಳುತ್ತಿದ್ದರು.

ಆಮೇಲೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಫೋನು ಅಪರೂಪವಾಯಿತು...

ಕ್ಲಿನಿಕ್ಕಿನಿಂದ ಹೊರಬಂದವಳೇ ಅವರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮನ ಮಗಳು. "ಅತ್ತೆ ತೀರಿಕೊಂಡು ಮೂರು ತಿಂಗಳಾಯ್ತಕ್ಕ" ಎಂದಳು. ಬೇರೇನು ಕೇಳಬೇಕೆಂದು ತೋಚದೆ ಮೀನುಗಳ ಬಗ್ಗೆ ಕೇಳಿದೆ.

"ಉಂಟು. ಎರಡೆರಡು ಟ್ಯಾಂಕ್ ತೊಳೆಯುವುದು ಕಷ್ಟ ಅಂತ ನಿನ್ನೆ ಎಲ್ಲವನ್ನೂ ಒಂದರಲ್ಲೇ ಬಿಟ್ಟೆವು."

"ಬಕೆಟಿನಲ್ಲಾದರೂ ಏಂಜೆಲನ್ನು ಈಗಲೇ ಬೇರೆ ಇಡು. ನಾನು ಬರ್ತೇನೆ" ಎಂದೆ.

ಮೂಡುಬಿದಿರೆಯ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿದೆ. ಟೀಚರ್ ಇಲ್ಲದ ಮನೆಗೆ ಹೋಗುತ್ತಿದ್ದೇನೆಂಬುದು, ಟಿಕೆಟ್ ತೆಗೆದುಕೊಂಡು ಕೂತ ಮೇಲೆಯೇ ಹೊಳೆದದ್ದು. ಆಗ ಅಳು ಬಂತು.